ಮೈಕಿಗಿಂತ ಮೊದಲು ಮನೆಯ ಮೌನ

ತೊಟ್ಟಿಲ ಕೂಸು ತಾಯಿಯ ಮುಖವನ್ನು ಗುರುತಿಸುವ ಮುನ್ನವೇ ಅವಳ ದನಿಯನ್ನು ಗುರುತಿಸುತ್ತದೆ. ದೂರದ ಊರಿನಲ್ಲಿರುವ ಮಗ ದೂರವಾಣಿಯಲ್ಲಿ ಒಂದೇ ಮಾತು ಆಡಿದರೂ ಸಾಕು, ಅವನ ಮೈ ಹುಷಾರಿಲ್ಲವೆಂಬುದು ತಂದೆಗೆ ತಿಳಿದುಹೋಗುತ್ತದೆ. ಮನುಷ್ಯನ ಧ್ವನಿಗೆ ಇರುವ ಈ ಶಕ್ತಿ ನಮಗೆಲ್ಲ ಪರಿಚಿತವಾದುದೇ. ಆದರೆ ಆ ಧ್ವನಿಯೇ ಒಂದು ಗೌರವದ ದುಡಿಮೆಯಾಗಬಹುದು, ಅದೂ ಮನೆಯ ಹೊಸ್ತಿಲು ದಾಟದೆಯೇ ಆಗಬಹುದು ಎಂಬ ಸಂಗತಿ ಇತ್ತೀಚಿನದು.

ಇತ್ತೀಚಿನದು ಎಂದೆನಷ್ಟೇ; ಮನೆಯಿಂದಲೇ ಧ್ವನಿಯನ್ನು ನಾಡಿಗೆ ಮುಟ್ಟಿಸುವ ಸಾಹಸಕ್ಕೆ ಮಾತ್ರ ಕನ್ನಡ ನಾಡಿನಲ್ಲಿ ಹಳೆಯ ಮೇಲ್ಪಂಕ್ತಿಯಿದೆ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಸಣ್ಣ ಪ್ರೇಷಕಯಂತ್ರವನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ನಿಲಯಕ್ಕೆ ಸಂದು, ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ನಮ್ಮ ಧಾರವಾಡದ ಆಕಾಶವಾಣಿ ನಿಲಯ 1950ರಲ್ಲಿ ಪ್ರಾರಂಭವಾಯಿತು. ಅಲ್ಲಿಂದ ಬರುತ್ತಿದ್ದ ನಾಟಕಗಳನ್ನು ಕೇಳಿ ಬೆಳೆದ ತಲೆಮಾರಿಗೆ ಸೇರಿದವನು ನಾನು. ಮುಖ ಕಾಣದ ಆ ಕಲಾವಿದರು ಬರಿಯ ಕಂಠದಿಂದಲೇ ನಮ್ಮ ಕಣ್ಣೆದುರು ಊರು ಕಟ್ಟಿ ನಿಲ್ಲಿಸುತ್ತಿದ್ದರು.

ಇಂದು ಕಂಠದಾನ ಕಲಾವಿದರಿಗೆ ಕನ್ನಡದಲ್ಲಿ ಹಿಂದಿಗಿಂತ ಹೆಚ್ಚು ಅವಕಾಶಗಳಿವೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ದಶಕಗಳ ಕಾಲ ಅಘೋಷಿತ ನಿರ್ಬಂಧವಿತ್ತು. ಹಾಗೆ ಅಡ್ಡಿಪಡಿಸುವುದು ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಆದೇಶ ನೀಡಿತು. 2020ರ ಲಾಕ್‌ಡೌನ್ ಸಮಯದಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದ ಮಾತುಗಳೊಡನೆ ಮನೆಮನೆಗೆ ಬಂದುದನ್ನು ಓದುಗರು ಮರೆತಿರಲಾರರು. ಇದಲ್ಲದೆ ಶ್ರವ್ಯಪುಸ್ತಕಗಳು, ಮಕ್ಕಳ ಕಥೆಗಳು, ಪಾಠದ ವೀಡಿಯೊಗಳು, ಜಾಹೀರಾತುಗಳು, ಬ್ಯಾಂಕು ಆಸ್ಪತ್ರೆಗಳ ದೂರವಾಣಿಯಲ್ಲಿ ಕೇಳಿಬರುವ ಸೂಚನೆಗಳು—ಇವೆಲ್ಲಕ್ಕೂ ಕನ್ನಡದ ಕಂಠ ಬೇಕು. ಚಲನಚಿತ್ರದ ಡಬ್ಬಿಂಗ್ ಕೆಲಸ ಸಾಮಾನ್ಯವಾಗಿ ಬೆಂಗಳೂರಿನ ಸ್ಟುಡಿಯೊಗಳಲ್ಲಿ, ನಿರ್ದೇಶಕರ ಎದುರಿನಲ್ಲಿ ನಡೆಯುತ್ತದೆ. ಉಳಿದವುಗಳಲ್ಲಿ ಎಷ್ಟೋ ಕೆಲಸವನ್ನು ಮನೆಯಲ್ಲಿಯೇ ಮುದ್ರಿಸಿ ಕಳಿಸಬಹುದು. ಸ್ಟುಡಿಯೊಕ್ಕೆ ಕರೆ ಬರಬೇಕಾದರೂ ಮೊದಲು ಒಂದು ಧ್ವನಿಮಾದರಿಯನ್ನು ಮನೆಯಿಂದಲೇ ಕಳಿಸಬೇಕಾಗುತ್ತದೆ.

ಆದುದರಿಂದ ಅನೇಕ ಮನೆಗಳಲ್ಲಿ ಇಂದು ಒಂದು ಪ್ರಶ್ನೆ ಎದ್ದಿದೆ: ಯಾವ ಮೈಕ್ ಕೊಳ್ಳಬೇಕು? ಈ ಪ್ರಶ್ನೆಯೇ ಎರಡನೆಯದು, ಮೊದಲನೆಯದಲ್ಲ ಎಂಬುದನ್ನು ನಾನು ಸ್ವಲ್ಪ ಹಣವನ್ನೂ ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದನ್ನೂ ಕಳೆದುಕೊಂಡು ಕಲಿತೆ. ಆ ಅನುಭವ ನಾಲ್ಕು ಮನೆಗಳಿಗೆ ಉಪಯೋಗವಾಗಲೆಂದು ಈ ಲೇಖನ.

ನಮ್ಮ ಮನೆಯಲ್ಲಿ ನಡೆದದ್ದು

ನಮ್ಮ ಸೊಸೆ ಮದುವೆಗೆ ಮೊದಲು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ಎರಡನೆಯ ಮಗುವಾದ ಮೇಲೆ ಕೆಲಸ ಬಿಟ್ಟಳು. ಸಂಜೆ ಕಟ್ಟೆಯ ಮೇಲೆ ಕುಳಿತು ಅವಳು ನರಿಯ ದನಿ, ಕಾಗೆಯ ದನಿ, ಮುದುಕಿಯ ದನಿ ತೆಗೆದು ಕಥೆ ಹೇಳತೊಡಗಿದರೆ ಓಣಿಯ ಮಕ್ಕಳೆಲ್ಲ ಊಟ ಮರೆತು ಕುಳಿತುಬಿಡುತ್ತಿದ್ದರು. ಮಕ್ಕಳ ಕಥೆಗಳನ್ನು ಧ್ವನಿರೂಪದಲ್ಲಿ ಪ್ರಕಟಿಸುವ ಸಂಸ್ಥೆಯೊಂದು ಎರಡು ನಿಮಿಷದ ಮಾದರಿ ಕೇಳುತ್ತಿದೆಯೆಂದು ಅವಳ ಗೆಳತಿ ತಿಳಿಸಿದಳು. ನನಗೆ ಬಹಳ ಸಂತೋಷವಾಯಿತು. ಯಾರನ್ನೂ ವಿಚಾರಿಸದೆ ಪೇಟೆಗೆ ಹೋಗಿ ಇಪ್ಪತ್ತು ಸಾವಿರದ ಸಮೀಪ ಬೆಲೆಯ ಮೈಕನ್ನೂ ಅದರ ಸಲಕರಣೆಗಳನ್ನೂ ತಂದೆ. ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂಬುದು ನನ್ನ ಲೆಕ್ಕ.

ಮಹಡಿಯ ಮೇಲೆ ಹೊಸದಾಗಿ ಕಟ್ಟಿಸಿದ ಕೋಣೆಯನ್ನು ಅವಳಿಗಾಗಿಯೇ ಬಿಟ್ಟುಕೊಟ್ಟೆವು. ನೆಲಕ್ಕೆ ಗ್ರಾನೈಟು, ನುಣ್ಣಗೆ ಬಣ್ಣ ಬಳಿದ ಗೋಡೆ, ದೊಡ್ಡ ಗಾಜಿನ ಕಿಟಕಿ. ಮನೆಯಲ್ಲಿಯೇ ಚೆಂದದ ಕೋಣೆ ಅದು. ಅಲ್ಲಿ ಕುಳಿತು ಮುದ್ರಿಸಿದ ಮಾದರಿ ವಾರದೊಳಗೆ ತಿರಸ್ಕೃತವಾಗಿ ಬಂತು. ಬಾವಿಯೊಳಗಿನಿಂದ ಮಾತನಾಡಿದಂತಿದೆ, ಹಿಂದೆ ಫ್ಯಾನಿನ ಸದ್ದೂ ಇದೆ ಎಂಬುದು ಅವರ ಟಿಪ್ಪಣಿಯ ಸಾರಾಂಶ. ಮತ್ತೆ ಮುದ್ರಿಸಿದಳು, ಮತ್ತೆ ಅದೇ ಮಾತು.

‘ಇರ್ಲಿ ಬಿಡ್ರಿ ಮಾವಾರ, ಇಷ್ಟ ತುಟ್ಟಿ ಮೈಕಿನ್ಯಾಗೂ ಚಲೋ ಬರೂದಿಲ್ಲಂದ್ರ ನನ್ನ ದನೀನ ಚಲೋ ಇಲ್ಲ’ ಎಂದಳು. ಆಮೇಲೆ ಹದಿನೈದು ದಿನ ಕಟ್ಟೆಯ ಮೇಲೂ ಅವಳು ಕಥೆ ಹೇಳಲಿಲ್ಲ. ಓಣಿಯ ಮಕ್ಕಳು ಬಂದು ಬಂದು ಹೋದರು. ಹಣ ಹೋದರೆ ಗಳಿಸಬಹುದು. ತನ್ನ ಕಂಠದ ಮೇಲಿನ ನಂಬಿಕೆಯನ್ನೇ ಒಬ್ಬಳು ಕಳೆದುಕೊಳ್ಳುವಂತೆ ಮಾಡಿದೆನಲ್ಲ ಎಂಬ ವ್ಯಥೆ ನನ್ನನ್ನು ಬಹಳವಾಗಿ ಕಾಡಿತು.

ಆ ಸಮಯಕ್ಕೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಹಬ್ಬಕ್ಕೆ ಬಂದ. ಧ್ವನಿಮುದ್ರಣದ ಕೆಲಸದಲ್ಲಿಯೇ ಇರುವವನು. ಮಹಡಿಯ ಕೋಣೆಗೆ ಹೋಗಿ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದ. ಗೋಡೆಯಿಂದ ಗೋಡೆಗೆ ಪುಟಿದು ಗಣಗಣ ಎಂದಿತು. ಅಲ್ಲಿಂದ ಕೆಳಗಿಳಿದು, ಹಾಸಿಗೆ ಕೌದಿಗಳನ್ನು ಒಟ್ಟುವ ಸಣ್ಣ ಖೋಲಿಗೆ ಹೋಗಿ ಮತ್ತೆ ಚಪ್ಪಾಳೆ ತಟ್ಟಿದ. ಸದ್ದು ಅಲ್ಲಿಯೇ ಸತ್ತುಹೋಯಿತು. ‘ವೈನೀ, ಇಲ್ಲಿ ನಿಂತು ಅದೇ ಕಥಿ ಮತ್ತೊಮ್ಮೆ ಹೇಳ್ರಿ’ ಎಂದು ತನ್ನ ಮೊಬೈಲಿನಲ್ಲಿಯೇ ಮುದ್ರಿಸಿದ. ರಾತ್ರಿ ಊಟದ ನಂತರ ಎಲ್ಲರನ್ನೂ ಕೂಡಿಸಿ, ಯಾವುದು ಯಾವುದೆಂದು ಹೇಳದೆ ಎರಡನ್ನೂ ಕೇಳಿಸಿದ. ಮನೆಯವರೆಲ್ಲರೂ ಒಮ್ಮತದಿಂದ ಆರಿಸಿದ್ದು ಮೊಬೈಲಿನ ಮುದ್ರಣವನ್ನು!

‘ದನಿ ಮೊದಲಿಂದೂ ಚಲೋನ ಇತ್ತು, ನೀವು ಕೊಟ್ಟ ಖೋಲಿನ ಸರಿ ಇರಲಿಲ್ಲ’ ಎಂದು ನನ್ನ ಮನೆಯಾಕೆ ನನ್ನ ಕಡೆ ನೋಡಿದಳು. ತಪ್ಪು ಕೋಣೆಯದು, ಅಪವಾದ ಕಂಠಕ್ಕೆ! ಅಂದು ಸೋದರಳಿಯ ತಿಳಿಸಿಕೊಟ್ಟ, ಮುಂದೆ ನಾವು ಮಾಡಿ ನೋಡಿ ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು ಕೋಣೆ

ನಾವು ಆಡಿದ ಮಾತು ನೇರವಾಗಿ ಮೈಕನ್ನು ಸೇರುವುದರ ಜೊತೆಗೆ ಗೋಡೆ, ನೆಲ, ಸೂರುಗಳಿಗೆ ಬಡಿದು ಕ್ಷಣಕಾಲ ತಡವಾಗಿ ಮತ್ತೆ ಬಂದು ಸೇರುತ್ತದೆ. ಈ ಮರುದನಿಯೇ ಬಾವಿಯ ಸದ್ದಿಗೆ ಕಾರಣ. ಸಿಮೆಂಟು, ಕಲ್ಲು, ಗಾಜು ಇವು ಶಬ್ದವನ್ನು ಹಿಂದಕ್ಕೆ ಎಸೆಯುತ್ತವೆ. ಹತ್ತಿ, ಉಣ್ಣೆ, ದಪ್ಪ ಬಟ್ಟೆ ಇವು ಹೀರಿಕೊಳ್ಳುತ್ತವೆ. ಮರುದನಿ ಒಮ್ಮೆ ಮಾತಿನೊಡನೆ ಬೆರೆತರೆ ಆಮೇಲೆ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಹಾಲಿಗೆ ಬಿದ್ದ ನೀರಿನಂತೆ.

ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಆಗಲೇ ಇದೆ. ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಅಜ್ಜಿಯರು ಹೊಲಿದ ಕೌದಿ, ಕುರಿಯುಣ್ಣೆಯ ಕಂಬಳಿ, ಹತ್ತಿಯ ಗಾದಿ, ಸೀರೆಗಳನ್ನು ತೂಗುಹಾಕಿದ ಕಪಾಟು—ಇವೆಲ್ಲ ಶಬ್ದವನ್ನು ಚೆನ್ನಾಗಿ ಹೀರುತ್ತವೆ. ಕೌದಿಯನ್ನು ಗೋಡೆಗೆ ಅಂಟಿಸಿದಂತೆ ಹಾಕುವುದಕ್ಕಿಂತ ಒಂದು ಗೇಣು ಬಿಟ್ಟು ಹಗ್ಗದ ಮೇಲೆ ತೂಗುಬಿಟ್ಟರೆ ಹೆಚ್ಚು ಪ್ರಯೋಜನ. ಗಡುಸಾದ ಕೆಳಸ್ಥಾಯಿಯ ದನಿಯನ್ನೂ ಅದು ತಕ್ಕಮಟ್ಟಿಗೆ ಹಿಡಿಯುತ್ತದೆ. ತೆಳ್ಳನೆಯ ಪರದೆಯಿಂದ ಹೆಚ್ಚಿನ ಲಾಭವಿಲ್ಲ.

ಕೌದಿಯನ್ನು ಎಲ್ಲಿ ಕಟ್ಟಬೇಕೆಂಬುದರಲ್ಲಿಯೂ ಒಂದು ಸೂಕ್ಷ್ಮವಿದೆ. ಬಹುಮಂದಿ ಮೈಕಿನ ಹಿಂದಿರುವ ಗೋಡೆಗೆ ಮಾತ್ರ ಹೊದಿಕೆ ಹಾಕುತ್ತಾರೆ. ಆದರೆ ಈ ಕೆಲಸಕ್ಕೆ ಬಳಸುವ ಹೆಚ್ಚಿನ ಮೈಕುಗಳು ತಮ್ಮ ಮುಂದಿನ ಸದ್ದನ್ನು ಹೆಚ್ಚಾಗಿಯೂ ಹಿಂದಿನದನ್ನು ಕಡಿಮೆಯಾಗಿಯೂ ಕೇಳುವಂಥವು. ಹಾಗಾದರೆ ಮೈಕಿನ ಮುಂದೆ ಇರುವುದು ಯಾವುದು? ಮಾತನಾಡುವವರು, ಮತ್ತು ಅವರ ಬೆನ್ನ ಹಿಂದಿನ ಗೋಡೆ. ಆದ್ದರಿಂದ ಇರುವುದು ಒಂದೇ ಕೌದಿಯಾದರೆ ಅದನ್ನು ಮಾತನಾಡುವವರ ಬೆನ್ನ ಹಿಂದೆ ಕಟ್ಟಬೇಕು. ಎರಡನೆಯದು, ಮೂರನೆಯದು ಎಡಬಲಗಳಿಗೆ. ನಾಲ್ಕನೆಯದಿದ್ದರೆ ಮೈಕಿನ ಹಿಂದಕ್ಕೆ. ಕಾಲಡಿಗೆ ಒಂದು ಜಮಖಾನೆ ಹಾಸಬೇಕು.

ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಗೋಡೆಗೆ ಬಡಿಯುವ ಪದ್ಧತಿ ಅಲ್ಲಲ್ಲಿ ಇದೆ. ಅವುಗಳಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ; ಬೆಂಕಿ ತಗಲಿದರೆ ಮಾತ್ರ ಬೇಗ ಹತ್ತಿಕೊಳ್ಳುತ್ತವೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕೋಣೆಯೊಳಗಿನ ಮರುದನಿಯನ್ನು ಹೀರುವುದು ಬೇರೆ, ಹೊರಗಿನ ಗದ್ದಲ ಒಳಗೆ ಬಾರದಂತೆ ತಡೆಯುವುದು ಬೇರೆ. ಸ್ಪಂಜಿನ ಹಲಗೆಗಳನ್ನು ಎಷ್ಟು ಅಂಟಿಸಿದರೂ ಬೀದಿಯ ಬಸ್ಸಿನ ಸದ್ದು ನಿಲ್ಲುವುದಿಲ್ಲ. ಅದಕ್ಕೆ ದಪ್ಪ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಬಾಡಿಗೆಯ ಮನೆಯಲ್ಲಿ ಅದೆಲ್ಲ ಸಾಧ್ಯವಾಗುವ ಮಾತಲ್ಲ. ಅಂಥಲ್ಲಿ ಸುಲಭವಾದ ಉಪಾಯವೆಂದರೆ ಹೊತ್ತನ್ನು ಆರಿಸಿಕೊಳ್ಳುವುದು. ನಸುಕಿನ ಐದು ಗಂಟೆಯ ಮೌನವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಮನೆಯೊಳಗಿನ ಸದ್ದುಗಳಿಗೂ ಒಂದು ಪಟ್ಟಿ ಬೇಕು. ಫ್ಯಾನು ನಿಲ್ಲಿಸಬೇಕು. ಪಕ್ಕದ ಕೋಣೆಯಲ್ಲಿ ಫ್ರಿಜ್ ಇದ್ದರೆ ಮುದ್ರಣದಷ್ಟು ಹೊತ್ತು ಆರಿಸಬಹುದು. ಮತ್ತೆ ಹಾಕಲು ಮರೆಯದಂತೆ ಮೊಬೈಲನ್ನೋ ಕೀಲಿಕೈಯನ್ನೋ ಫ್ರಿಜ್ಜಿನೊಳಗೇ ಇಟ್ಟುಬಿಡುವವರಿದ್ದಾರೆ. ಗೋಡೆಯ ಗಡಿಯಾರದ ಟಿಕ್‌ಟಿಕ್, ಕೈಬಳೆ, ಕಾಲ್ಗೆಜ್ಜೆ, ಗಂಜಿ ಹಾಕಿದ ಸೀರೆಯ ಸರಸರ—ಇವೆಲ್ಲವೂ ಮೈಕಿಗೆ ಕೇಳಿಸುತ್ತವೆ. ಕುಕ್ಕರಿನ ಸೀಟಿಯ ವಿಷಯವನ್ನಂತೂ ಹೇಳಲೇಬೇಕಾಗಿಲ್ಲ.

ಮೈಕಿನ ಎರಡು ಜಾತಿ

ಕೋಣೆ ಹದವಾದ ಮೇಲೆ ಮೈಕಿನ ವಿಚಾರ. ಮುಖ್ಯವಾಗಿ ಇವುಗಳಲ್ಲಿ ಎರಡು ಬಗೆ. ಮೊದಲನೆಯದು ‘ಡೈನಮಿಕ್’. ಆಯಸ್ಕಾಂತ ಮತ್ತು ತಂತಿಯ ಸುರುಳಿಯಿಂದ ಕೆಲಸ ಮಾಡುವ ಗಟ್ಟಿಮುಟ್ಟಾದ ಮೈಕು ಇದು. ಸಭೆ ಸಮಾರಂಭಗಳ ವೇದಿಕೆಯ ಮೇಲೆ ಕಾಣುವುದು ಬಹುಮಟ್ಟಿಗೆ ಇದೇ. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಇಂದಿಗೂ ಬಳಕೆಯಲ್ಲಿದೆ. ಇದಕ್ಕೆ ಕಿವಿ ಸ್ವಲ್ಪ ಮಂದವೆನ್ನಬಹುದು. ಹತ್ತಿರದ ಮಾತನ್ನು ಹಿಡಿದು ದೂರದ ಗದ್ದಲವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ‘ಕಂಡೆನ್ಸರ್’. ಬಹಳ ತೆಳುವಾದ ಪೊರೆಯೊಂದು ದನಿಗೆ ಕಂಪಿಸಿ ವಿದ್ಯುತ್ ಸಂಕೇತವಾಗುವ ವ್ಯವಸ್ಥೆ. ಉಸಿರಿನ ಏರಿಳಿತ, ಪಿಸುಮಾತಿನ ನಯ ಎಲ್ಲವನ್ನೂ ಇದು ಹಿಡಿಯುತ್ತದೆ. ದೊಡ್ಡ ಸ್ಟುಡಿಯೊಗಳ ನಾಯ್‌ಮನ್ ಯು87ರಂಥ ಹೆಸರಾಂತ ಮೈಕುಗಳು ಈ ಜಾತಿಗೆ ಸೇರಿದವು. ಆದರೆ ಒಳ್ಳೆಯದನ್ನು ಹಿಡಿದಂತೆಯೇ ಕೆಟ್ಟದ್ದನ್ನೂ ಹಿಡಿಯುತ್ತದೆ. ನಮ್ಮ ಮಹಡಿಯ ಕೋಣೆಯಲ್ಲಿ ಆದದ್ದು ಇದೇ. ತುಟ್ಟಿಯ ಮೈಕು ಕೋಣೆಯ ದೋಷವನ್ನು ಮುಚ್ಚಲಿಲ್ಲ, ಎತ್ತಿ ತೋರಿಸಿತು.

ಹಾಗಾದರೆ ಹೊಸಬರು ಯಾವುದನ್ನು ಕೊಳ್ಳಬೇಕು? ಮನೆ ರಸ್ತೆಯ ಬದಿಗಿದ್ದು ಗದ್ದಲ ಹೆಚ್ಚಿದ್ದರೆ ಡೈನಮಿಕ್ ಮೈಕು ಒಳ್ಳೆಯದು. ಸಾಮ್ಸನ್ ಕ್ಯೂ2ಯು ಎಂಬುದು ಇಂಥದೊಂದು. ಅದನ್ನು ನೇರವಾಗಿ ಗಣಕಯಂತ್ರದ ಯುಎಸ್‌ಬಿ ಕಿಂಡಿಗೂ ಜೋಡಿಸಬಹುದು, ಮುಂದೆ ದೊಡ್ಡ ಸಲಕರಣೆ ಕೊಂಡರೆ ಅದಕ್ಕೂ ಜೋಡಿಸಬಹುದು. ಕೌದಿ ಕಟ್ಟಿದ ನಿಶ್ಶಬ್ದದ ಕೋಣೆ ಸಿದ್ಧವಾಗಿದ್ದರೆ ಸಾಧಾರಣ ಬೆಲೆಯ ಕಂಡೆನ್ಸರ್ ಕೊಳ್ಳಬಹುದು. ಆಡಿಯೊ-ಟೆಕ್ನಿಕಾ ಎಟಿ2020, ರೋಡ್ ಎನ್‌ಟಿ1-ಎ ಇಂಥವು.

ಮೈಕಿನ ಪೆಟ್ಟಿಗೆಯ ಮೇಲೆ ‘ಸ್ವಂತ ಸದ್ದು’ ಎಂಬ ಒಂದು ಅಂಕಿ ಇರುತ್ತದೆ. ಎಟಿ2020ಕ್ಕೆ ಅದು 20 ಡೆಸಿಬೆಲ್, ಎನ್‌ಟಿ1-ಎಗೆ 5 ಡೆಸಿಬೆಲ್. ಕಡಿಮೆಯಿದ್ದಷ್ಟು ಒಳ್ಳೆಯದು ಎಂಬುದು ನಿಜ. ಆದರೆ ಊರಿನೊಳಗಿನ ಮನೆಯ ಶಾಂತವಾದ ಮಲಗುವ ಕೋಣೆಯಲ್ಲಿಯೂ ಸುಮಾರು 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಕೋಣೆಯೇ ಅಷ್ಟು ಮಾತನಾಡುತ್ತಿರುವಾಗ ಮೈಕು ಎಷ್ಟು ಮೌನಿಯಾದರೇನು? ಆ ಅಂಕಿಗಾಗಿ ಹೆಚ್ಚಿನ ಹಣ ಕೊಡುವ ಮುನ್ನ ಕೋಣೆಯ ಕಡೆಗೆ ಗಮನ ಕೊಡಬೇಕೆಂಬುದಕ್ಕೆ ಇದೇ ಕಾರಣ.

ನಡುವಿನ ಯಂತ್ರ ಮತ್ತು ಕಿವಿಯ ಸಾಧನ

ಯುಎಸ್‌ಬಿ ಮೈಕುಗಳಿಗೆ ನಡುವೆ ಇನ್ನೊಂದು ಯಂತ್ರ ಬೇಡ. ಕಲಿಯುವ ಕಾಲಕ್ಕೆ ಅವು ಸಾಕು. ಮೂರು ಮೊಳೆಗಳ ಎಕ್ಸ್‌ಎಲ್‌ಆರ್ ತಂತಿಯ ಮೈಕಾದರೆ ಅದಕ್ಕೂ ಗಣಕಯಂತ್ರಕ್ಕೂ ನಡುವೆ ‘ಆಡಿಯೊ ಇಂಟರ್‌ಫೇಸ್’ ಎಂಬ ಪೆಟ್ಟಿಗೆ ಬೇಕು. ಒಬ್ಬರೇ ಮಾತನಾಡುವುದಾದರೆ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊದಂತಹ ಒಂದೇ ಮೈಕಿನ ಪೆಟ್ಟಿಗೆ ಸಾಕು. ನಾಲ್ಕಾರು ತಿರುಗುಗುಂಡಿಗಳಿರುವುದಕ್ಕೆ ದುಡ್ಡು ಹಾಕುವ ಕಾರಣವಿಲ್ಲ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ವಿದ್ಯುತ್ತನ್ನು ಇಂಟರ್‌ಫೇಸಿನಿಂದಲೇ ಕೊಡಬೇಕಾಗುತ್ತದೆ. ‘48ವಿ’ ಎಂದು ಬರೆದ ಗುಂಡಿಯನ್ನು ಒತ್ತದೆ, ಮೈಕು ಕೆಟ್ಟಿದೆಯೆಂದು ಅಂಗಡಿಗೆ ಮರಳಿಸಲು ಹೊರಟವರೂ ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಕಿವಿಗೆ ಸುತ್ತಲೂ ಮುಚ್ಚುವಂಥ, ತಂತಿಯಿರುವ ಹೆಡ್‌ಫೋನ್ ಬೇಕು. ತೆರೆದ ಮಾದರಿಯದಾದರೆ ಅದರ ಸದ್ದು ಸೋರಿ ಮತ್ತೆ ಮೈಕಿಗೆ ಸೇರುತ್ತದೆ. ಬ್ಲೂಟೂತ್ ಆದರೆ ನಮ್ಮ ಮಾತು ನಮಗೇ ತಡವಾಗಿ ಕೇಳಿಸಿ ನಾಲಿಗೆ ತೊಡರುತ್ತದೆ. ಹೆಡ್‌ಫೋನಿನ ಮುಖ್ಯ ಪ್ರಯೋಜನ ಮುದ್ರಿಸಿದ್ದನ್ನು ಪರೀಕ್ಷಿಸುವುದರಲ್ಲಿದೆ. ಬರಿಗಿವಿಗೆ ಕೇಳಿಸದ ಫ್ರಿಜ್ಜಿನ ಗುಂಯ್‌ಗುಡುವಿಕೆ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಮೈಕನ್ನು ಕೈಯಲ್ಲಿ ಹಿಡಿಯಬಾರದು; ಗಟ್ಟಿಯಾದ ಸ್ಟ್ಯಾಂಡು ಬೇಕು. ಬಾಯಿಗೂ ಮೈಕಿಗೂ ನಡುವೆ ಬಟ್ಟೆಯ ಅಥವಾ ಜಾಳಿಗೆಯ ‘ಪಾಪ್ ಫಿಲ್ಟರ್’ ಇಡಬೇಕು. ಕನ್ನಡ ಓದುವವರಿಗೆ ಇದರ ಅಗತ್ಯ ಹೆಚ್ಚು. ‘ಪ’, ‘ಬ’ಗಳನ್ನು ಉಚ್ಚರಿಸುವಾಗ ಗಾಳಿ ಒಮ್ಮೆಲೆ ಹೊರಬೀಳುತ್ತದೆ, ‘ಫ’, ‘ಭ’ ಮೊದಲಾದ ಮಹಾಪ್ರಾಣಗಳಲ್ಲಂತೂ ಇನ್ನೂ ಜೋರಾಗಿ. ‘ಫಲ’, ‘ಭಕ್ತಿ’ ಎನ್ನುವಾಗ ಬಾಯಿಯ ಮುಂದೆ ಅಂಗೈ ಹಿಡಿದು ನೋಡಿದರೆ ತಿಳಿಯುತ್ತದೆ. ಆ ಗಾಳಿ ಮೈಕಿಗೆ ಬಡಿದರೆ ‘ಧಪ್’ ಎಂಬ ಸದ್ದು ಬರುತ್ತದೆ. ಅದಕ್ಕೆ ಅಂಜಿ ಮಹಾಪ್ರಾಣವನ್ನೇ ನುಂಗಿ ಓದುವುದು ಸರಿಯಲ್ಲ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ತುಸು ಓರೆಯಾಗಿ ಇಟ್ಟು, ಒಂದು ಗೇಣಿನಷ್ಟು, ಎಂದರೆ 15ರಿಂದ 20 ಸೆಂಟಿಮೀಟರ್ ದೂರ ಕಾಯ್ದುಕೊಂಡರೆ ಅಕ್ಷರವೂ ಉಳಿಯುತ್ತದೆ, ಸದ್ದೂ ತಪ್ಪುತ್ತದೆ. ದೂರವನ್ನು ಇಮ್ಮಡಿ ಮಾಡಿದರೆ ನೇರ ದನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ, ಕೋಣೆಯ ಸದ್ದು ಮಾತ್ರ ಹಾಗೆಯೇ ಉಳಿಯುತ್ತದೆ ಎಂಬುದನ್ನು ನೆನಪಿಡಬೇಕು. ಕಥೆಯ ಭರದಲ್ಲಿ ಹಿಂದೆ ಮುಂದೆ ತೂಗಾಡುವವರು ನೆಲದ ಮೇಲೆ ಗುರುತು ಹಾಕಿಕೊಂಡು ನಿಲ್ಲುವುದು ಉತ್ತಮ.

ಮುದ್ರಣ ಮತ್ತು ಅಳತೆ

ಮುದ್ರಿಸಲು ಗಣಕಯಂತ್ರದಲ್ಲಿ ಒಂದು ತಂತ್ರಾಂಶ ಬೇಕು. 2000ದಲ್ಲಿ ಬಿಡುಗಡೆಯಾದ ‘ಆಡಾಸಿಟಿ’ ಉಚಿತವಾಗಿ ದೊರೆಯುತ್ತದೆ. ಹೊಸಬರಿಗೆ ಇದು ಧಾರಾಳವಾಗಿ ಸಾಕು. ಹಣ ಕೊಟ್ಟು ಬೇರೆಯದನ್ನು ಕೊಳ್ಳುವ ಆತುರ ಬೇಡ.

ಮುದ್ರಿಸುವಾಗ ದನಿಯ ಮಟ್ಟ ತೋರಿಸುವ ಪಟ್ಟಿಯ ಮೇಲೆ ಕಣ್ಣಿರಬೇಕು. ಅಲ್ಲಿ ಸೊನ್ನೆ ಎಂಬುದು ಕೊನೆಯ ಗೆರೆ. ದನಿ ಅದನ್ನು ಮುಟ್ಟಿದರೆ ಒಡೆದುಹೋಗುತ್ತದೆ. ಒಡೆದದ್ದನ್ನು ಚೆನ್ನಾಗಿ ಕೂಡಿಸಲು ಬರುವುದಿಲ್ಲ. ಅತಿ ಜೋರಾದ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ಲಿನ ನಡುವೆ ನಿಲ್ಲುವಂತೆ ಮೊದಲೇ ಹೊಂದಿಸಿಕೊಳ್ಳಬೇಕು. ರಾಕ್ಷಸನ ಅಟ್ಟಹಾಸ ಬರುವ ಸಾಲನ್ನೇ ಪರೀಕ್ಷೆಗೆ ಓದಬೇಕು. ಮೆಲುದನಿಯ ಸಾಲನ್ನು ಓದಿ ಹೊಂದಿಸಿದರೆ ಮುಂದೆ ಪಶ್ಚಾತ್ತಾಪವಾಗುತ್ತದೆ.

ಕೆಲಸ ಕೊಡುವವರು ಕೇಳುವ ಅಳತೆಗಳು ಬೇರೆ ಬೇರೆ. ಒಂದು ಉದಾಹರಣೆಯನ್ನು ತಿಳಿದಿದ್ದರೆ ಉಪಯೋಗ. ಅಮೆಜಾನ್ ಸಮೂಹಕ್ಕೆ ಸೇರಿದ ಎಸಿಎಕ್ಸ್ ಎಂಬ ಶ್ರವ್ಯಪುಸ್ತಕ ವೇದಿಕೆ, ದನಿಯ ಸರಾಸರಿ ಮಟ್ಟ ಮೈನಸ್ 23 ಮತ್ತು ಮೈನಸ್ 18 ಡೆಸಿಬೆಲ್ಲಿನ ನಡುವೆ ಇರಬೇಕು, ಅತ್ಯುನ್ನತ ಮಟ್ಟ ಮೈನಸ್ 3ನ್ನು ಮೀರಬಾರದು, ಮಾತಿಲ್ಲದಾಗಿನ ಹಿನ್ನೆಲೆಯ ಸದ್ದು ಮೈನಸ್ 60ಕ್ಕಿಂತ ಕೆಳಗಿರಬೇಕು ಎಂದು ನಿಯಮ ಮಾಡಿದೆ. ಕೊನೆಯದೇ ಮನೆಯವರ ನಿಜವಾದ ಪರೀಕ್ಷೆ. ಹತ್ತು ಸೆಕೆಂಡು ಏನೂ ಮಾತನಾಡದೆ ಕೋಣೆಯ ಮೌನವನ್ನು ಮುದ್ರಿಸಿ, ಆ ಅಂಕಿ ಎಷ್ಟಿದೆಯೆಂದು ನೋಡಬೇಕು. ನಮ್ಮ ಮನೆಯಲ್ಲಿ ಫ್ಯಾನು ನಿಲ್ಲಿಸುವುದಕ್ಕೆ ಮೊದಲು ಮತ್ತು ಆಮೇಲೆ ಈ ಪರೀಕ್ಷೆ ಮಾಡಿ ಬೆರಗಾದೆವು. ಮಡಿಲ ಯಂತ್ರದ ಚಾರ್ಜರಿನಿಂದ ಗುಂಯ್ ಸದ್ದು ಬರುತ್ತಿದ್ದರೆ ಅದನ್ನು ತೆಗೆದು ಬ್ಯಾಟರಿಯ ಮೇಲೆಯೇ ಮುದ್ರಿಸಬೇಕು.

ವೀಡಿಯೊ ಕೆಲಸಗಳಿಗೆ ಸಾಮಾನ್ಯವಾಗಿ 48 ಕಿಲೋಹರ್ಟ್ಸ್, ಪುಸ್ತಕ ವಾಚನಕ್ಕೆ 44.1 ಕಿಲೋಹರ್ಟ್ಸ್ ಎಂದು ಕೇಳುತ್ತಾರೆ. ಮೂಲವನ್ನು ಯಾವಾಗಲೂ ಕುಗ್ಗಿಸದ ‘ವೇವ್’ ರೂಪದಲ್ಲಿ ಇಟ್ಟುಕೊಂಡು, ಕೇಳಿದವರಿಗೆ ಎಂಪಿ3 ಮಾಡಿ ಕೊಡಬಹುದು. ಸದ್ದು ತೆಗೆಯುವ ತಂತ್ರಗಳನ್ನು ಅತಿಯಾಗಿ ಬಳಸಿದರೆ ದನಿ ತಗಡಿನ ಡಬ್ಬಿಯೊಳಗಿನದರಂತೆ ಆಗುತ್ತದೆ. ಮಾದರಿಯನ್ನು ಕೇಳುವವರು ಅದನ್ನು ಕೂಡಲೇ ಗುರುತಿಸುತ್ತಾರೆ.

ಕೊಳ್ಳುವ ಕ್ರಮ

ಇಷ್ಟು ಹೇಳಿದ ಮೇಲೆ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು.

ಮೊದಲನೆಯ ತಿಂಗಳು ಏನನ್ನೂ ಕೊಳ್ಳಬಾರದು. ಕೌದಿ ಕಟ್ಟಿ, ಇರುವ ಮೊಬೈಲಿನಲ್ಲಿಯೇ ದಿನಕ್ಕೆ ಅರ್ಧ ಗಂಟೆ ಓದಿ ಮುದ್ರಿಸಿ ಕೇಳಬೇಕು. ತನ್ನ ದನಿಯನ್ನು ತಾನೇ ಕೇಳುವುದು ಮೊದಮೊದಲು ಯಾರಿಗೂ ಹಿತವಾಗುವುದಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ಉತ್ಸಾಹ ಉಳಿದಿದ್ದರೆ ಮುಂದುವರಿಯಬೇಕು. ಎರಡನೆಯದಾಗಿ ತಂತಿಯ ಹೆಡ್‌ಫೋನ್. ಮೂರನೆಯದಾಗಿ ಯುಎಸ್‌ಬಿ ಮೈಕು, ಸ್ಟ್ಯಾಂಡು, ಪಾಪ್ ಫಿಲ್ಟರ್. ಇಷ್ಟರಿಂದ ಕೆಲಸ ದೊರೆತು ನಾಲ್ಕು ಕಾಸು ಕೈಗೆ ಬಂದ ಮೇಲೆ, ಆ ಹಣದಿಂದಲೇ ಇಂಟರ್‌ಫೇಸು ಮತ್ತು ಎಕ್ಸ್‌ಎಲ್‌ಆರ್ ಮೈಕಿನ ವಿಚಾರ. ಸಾಲ ಮಾಡಿ, ಕಂತು ಕಟ್ಟಿ ಮೈಕು ಕೊಳ್ಳುವುದು ಯಾವ ಕಾರಣಕ್ಕೂ ಬೇಡ. ಕೊಂಡ ಸಾಮಾನಿನ ಬಿಲ್ಲು, ಖಾತರಿ ಚೀಟಿ ಕಾಯ್ದಿಡಬೇಕು. ಹಳೆಯ ಸಾಮಾನು ಕೊಳ್ಳುವುದಾದರೆ ಹೆಡ್‌ಫೋನ್ ಹಾಕಿಕೊಂಡು ಮುದ್ರಿಸಿ ಕೇಳಿಯೇ ಹಣ ಕೊಡಬೇಕು.

ಎರಡು ಎಚ್ಚರಿಕೆ

ಧ್ವನಿಯ ಕೆಲಸ ಕೊಡಿಸುತ್ತೇವೆ, ಮೊದಲು ನೋಂದಣಿಯ ಹಣ ಕಟ್ಟಿ ಎನ್ನುವವರು ಮೊಬೈಲಿನಲ್ಲಿ ಬಹಳ ಮಂದಿ ಕಾಣಿಸಿಕೊಳ್ಳುತ್ತಾರೆ. ಕೆಲಸ ಕೊಡುವವರು ನಮಗೆ ಹಣ ಕೊಡಬೇಕೇ ಹೊರತು ನಮ್ಮಿಂದ ಕೇಳಬಾರದು. ಮನೆಯಲ್ಲಿ ಕುಳಿತು ದುಡಿಯಬೇಕೆಂದು ಬಯಸುವ ಗೃಹಿಣಿಯರೂ ಓದುತ್ತಿರುವ ಹುಡುಗರೂ ಇಂಥ ಬಲೆಗೆ ಸುಲಭವಾಗಿ ಬೀಳುತ್ತಾರೆ. ಆದ್ದರಿಂದ ಹಿರಿಯರು ಜೊತೆಗಿದ್ದು ವಿಚಾರಿಸಬೇಕು.

ಎರಡನೆಯದು ಹೊಸ ಕಾಲದ ಅಪಾಯ. ಇಂದಿನ ಯಂತ್ರಗಳು ಒಬ್ಬರ ಧ್ವನಿಯ ಅಲ್ಪ ಮಾದರಿಯನ್ನು ಪಡೆದು, ಅವರು ಎಂದೂ ಆಡದ ಮಾತುಗಳನ್ನು ಅವರದೇ ದನಿಯಲ್ಲಿ ಆಡಿಸಬಲ್ಲವು. ಕರಾರು ಪತ್ರದಲ್ಲಿ ‘ಎಲ್ಲ ಬಗೆಯ ಬಳಕೆಗೆ, ಎಂದೆಂದಿಗೂ’ ಎಂಬ ಮಾತಿದ್ದರೆ, ಯಂತ್ರಗಳಿಗೆ ಧ್ವನಿಯನ್ನು ಕಲಿಸಲು ಬಳಸುವ ಷರತ್ತಿದ್ದರೆ, ಅದರ ಅರ್ಥ ತಿಳಿಯದೆ ಸಹಿ ಹಾಕಬಾರದು. ಹಾಗೆ ಕೊಡುವುದು ತಪ್ಪೆಂದಲ್ಲ; ಏನನ್ನು ಕೊಡುತ್ತಿದ್ದೇವೆ, ಎಷ್ಟು ಕಾಲಕ್ಕೆ, ಯಾವ ಪ್ರತಿಫಲಕ್ಕೆ ಎಂಬುದು ತಿಳಿದಿರಬೇಕು. ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಯಂತ್ರಗಳಿಂದ ಅನುಕರಿಸುವುದನ್ನು ತಡೆದು ಬಾಂಬೆ ಉಚ್ಚ ನ್ಯಾಯಾಲಯವು 2024ರಲ್ಲಿ ಮಧ್ಯಂತರ ಆದೇಶ ನೀಡಿತು. ಹೆಸರಾಂತರಿಗೆ ನ್ಯಾಯಾಲಯದ ಬಾಗಿಲು ಹತ್ತಿರ; ನಮ್ಮಂಥ ಸಾಮಾನ್ಯರಿಗೆ ಸಹಿ ಹಾಕುವ ಮುನ್ನಿನ ಎಚ್ಚರವೇ ರಕ್ಷಣೆ.

ಕೊನೆಯದಾಗಿ

ನಮ್ಮ ಸೊಸೆ ಕೌದಿಯ ಖೋಲಿಯಲ್ಲಿ ನಿಂತು, ಅದೇ ಕಥೆಯನ್ನು ಮತ್ತೊಮ್ಮೆ ಮುದ್ರಿಸಿ ಕಳಿಸಿದಳು. ಈ ಬಾರಿ ಒಪ್ಪಿಗೆ ಬಂತು. ತಿಂಗಳಿಗೆ ಎರಡು ಮೂರು ಕಥೆಗಳ ಕೆಲಸ ಬರುತ್ತದೆ. ಅದರಿಂದ ಮನೆ ನಡೆಯುತ್ತದೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಮಕ್ಕಳ ಪುಸ್ತಕದ ಖರ್ಚು ಹೊರಡುತ್ತದೆ. ಬರುವ ಅವಕಾಶಗಳಿಗಿಂತ ಬಾರದವೇ ಹೆಚ್ಚು. ಹತ್ತು ಮಾದರಿ ಕಳಿಸಿದರೆ ಒಂದಕ್ಕೆ ಉತ್ತರ ಬಂದರೆ ಪುಣ್ಯ. ಆದರೂ ತಿರಸ್ಕಾರ ಬಂದಾಗ ಅವಳು ಈಗ ದನಿಯನ್ನು ದೂರುವುದಿಲ್ಲ. ಮೊದಲು ಹೆಡ್‌ಫೋನ್ ಹಾಕಿಕೊಂಡು ಕೋಣೆಯನ್ನು ಕೇಳುತ್ತಾಳೆ, ಆಮೇಲೆ ಓದಿನ ದೋಷ ಹುಡುಕುತ್ತಾಳೆ.

ನಾನು ತಂದ ತುಟ್ಟಿಯ ಮೈಕು ವ್ಯರ್ಥವಾಗಲಿಲ್ಲ. ಮೌನವಾದ ಕೋಣೆ ಸಿಕ್ಕ ಮೇಲೆ ಅದೂ ತನ್ನ ಗುಣ ತೋರಿಸಿತು. ನಸುಕಿನಲ್ಲಿ ಅವಳು ಮುದ್ರಣಕ್ಕೆ ನಿಂತರೆ ನನ್ನ ಮನೆಯಾಕೆ ಕುಕ್ಕರ್ ಇಡುವುದಿಲ್ಲ, ನಾನು ಕೆಮ್ಮು ಬಂದರೆ ಹಿತ್ತಲಿಗೆ ಹೋಗುತ್ತೇನೆ, ಮೊಮ್ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಾಡುತ್ತಾರೆ. ಒಬ್ಬರ ದನಿ ಹೊರಡಬೇಕಾದರೆ ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮನೆಯಲ್ಲಿ ಯಾರಾದರೂ ಈ ಕೆಲಸಕ್ಕೆ ಮನಸ್ಸು ಮಾಡಿದ್ದರೆ, ಅಂಗಡಿಗೆ ಹೊರಡುವ ಮುನ್ನ ಮನೆಮಂದಿ ಅವರಿಗೆ ಕೊಡಬೇಕಾದ ಮೊದಲ ಸಲಕರಣೆ ಈ ಮೌನವೇ.

ಸಂಜೆ ಕಟ್ಟೆಯ ಮೇಲೆ ಓಣಿಯ ಮಕ್ಕಳು ಮತ್ತೆ ಸೇರುತ್ತಿದ್ದಾರೆ.